ಸ್ವಾತಂತ್ರ್ಯ ಬೇಡ ಅಂತ ದಂಗೆ ಎದ್ದವರು

"ಬ್ರಿಟಿಷರೇ, ನಮ್ಮನ್ನ ಬಿಟ್ಟು ಹೋಗಬೇಡಿ ಅಂತ ದಂಗೆ ಎದ್ದವರ ಬಗ್ಗೆ ಕೇಳಿದ್ದೀಯಾ?" ಅಂದ ಸೀನ.

"ನಮ್ಮ ತಾತ ಇದ್ದರಲ್ಲ," ಅಂದ ಮಂಜ. ತಾತ ದಂಗೆ ಏಳಲಿಲ್ಲ ಬಿಡಿ, ಸುಮ್ನೆ ಗೊಣಗುತ್ತಿದ್ದರು. ಸೀನ ಹೇಳಹೊರಟಿದ್ದು ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್, ಆಂಗ್ವಿಲಾ ದ್ವೀಪಗಳ ಕತೆ.

1620ರ ದಶಕದಲ್ಲಿ ಸೇಂಟ್ ಕಿಟ್ಸ್‌ಗೆ ಇಂಗ್ಲಿಷರು ಬಂದರು. ಬೆನ್ನಿಗೇ ಫ್ರೆಂಚರೂ ಬಂದರು. ನಡುಭಾಗ ಇಂಗ್ಲಿಷರಿಗೆ, ಎರಡೂ ತುದಿ ಫ್ರೆಂಚರಿಗೆ ಅಂತ ಪಾಲಾಯಿತು.

"ಅಣ್ಣನಿಗೆ ನಡುಮನೆ, ತಮ್ಮನಿಗೆ ಜಗಲಿ ಮತ್ತೆ ಹಿತ್ತಲು! ಇಂಥ ಪಾಲು ಎಲ್ಲಿ ಉಳಿಯುತ್ತೆ?"

ಉಳಿಯಲಿಲ್ಲ. 1713ರಲ್ಲಿ ಇಡೀ ದ್ವೀಪ ಬ್ರಿಟಿಷರದ್ದಾಯಿತು. ಆಮೇಲೆ ಕಬ್ಬು, ಸಕ್ಕರೆ, ಗುಲಾಮರು. ಅದರಲ್ಲಿ ನಗೋದಕ್ಕೆ ಏನೂ ಇಲ್ಲ.

ಮಜಾ ಇರೋದು 1967ರಲ್ಲಿ. ಲಂಡನ್‌ನವರು ಸೇಂಟ್ ಕಿಟ್ಸ್, ನೆವಿಸ್, ಆಂಗ್ವಿಲಾ ಮೂರೂ ದ್ವೀಪಗಳನ್ನ ಒಂದೇ ಗಂಟು ಕಟ್ಟಿ, ಒಳಾಡಳಿತ ನೀವೇ ನೋಡಿಕೊಳ್ಳಿ ಅಂದರು. ಅಧಿಕಾರ ಸೇಂಟ್ ಕಿಟ್ಸ್‌ನ ರಾಬರ್ಟ್ ಬ್ರಾಡ್‌ಶಾ ಕೈಗೆ ಬಂತು. ಆಂಗ್ವಿಲಾದವರಿಗೆ ಮೈಯೆಲ್ಲ ಉರಿ. ಮೇ 30ಕ್ಕೆ ಸೇಂಟ್ ಕಿಟ್ಸ್ ಪೊಲೀಸರನ್ನ ದ್ವೀಪದಿಂದಲೇ ಓಡಿಸಿದರು, ಜುಲೈನಲ್ಲಿ ಮತ ಹಾಕಿದರು: ಬೇರೆಯಾಗೋಣ ಅಂದವರು 1,813, ಬೇಡ ಅಂದವರು 5.

"ಆ ಐದು ಜನ ಪೊಲೀಸರ ಬೀಗರಿರಬೇಕು."

ಇವರಿಗೆ ಬ್ರಿಟನ್ ನೇರವಾಗಿ ಆಳಿದರೆ ಸಾಕಿತ್ತು. ಬ್ರಿಟನ್ ಕೇಳಲಿಲ್ಲ. ಸಿಟ್ಟಿಗೆ 1969ರಲ್ಲಿ ಗಣರಾಜ್ಯ ಅಂತ ಘೋಷಿಸಿಕೊಂಡು, ಮಾತಾಡೋಕೆ ಬಂದ ಬ್ರಿಟಿಷ್ ಮಂತ್ರಿಯನ್ನೂ ಬಂದೂಕು ತೋರಿಸಿ ವಾಪಸ್ ಅಟ್ಟಿದರು. ಮಾರ್ಚ್ 19ರ ಬೆಳಗಿನ ಜಾವ ಪ್ಯಾರಾಟ್ರೂಪರ್‌ಗಳು ದಡಕ್ಕೆ ಬಂದಿಳಿದರು, ಜೊತೆಗೆ ಲಂಡನ್ ಪೊಲೀಸರು. ಕತ್ತಲಲ್ಲಿ ಫಳ್ ಫಳ್ ಅಂತ ಬೆಳಕು. ಗುಂಡಲ್ಲ, ಪತ್ರಕರ್ತರ ಕ್ಯಾಮೆರಾ ಫ್ಲ್ಯಾಶ್!

"ಅಂದರೆ ಬ್ರಿಟನ್ ದಂಡೆತ್ತಿ ಬಂದು ಗೆದ್ದಿತು, ಆಂಗ್ವಿಲಾ ಕೇಳಿದ್ದೂ ಅದನ್ನೇ ಅಲ್ವಾ? ಇಂಥ ಯುದ್ಧ ಆದರೆ ದಿನಾ ಆಗಲಿ."

ಕೊನೆಗೆ 1980ರಲ್ಲಿ ಆಂಗ್ವಿಲಾ ಅಧಿಕೃತವಾಗಿ ಬೇರೆಯಾಯಿತು, ಇವತ್ತಿಗೂ ಬ್ರಿಟನ್‌ನದೇ. ಸೇಂಟ್ ಕಿಟ್ಸ್ ಮತ್ತು ನೆವಿಸ್ 1983ರ ಸೆಪ್ಟೆಂಬರ್ 19ಕ್ಕೆ ಸ್ವತಂತ್ರವಾದವು, ಕೆನಡಿ ಸಿಮಂಡ್ಸ್ ಮೊದಲ ಪ್ರಧಾನಿ. ಅಷ್ಟಕ್ಕೇ ಮುಗಿಯಲಿಲ್ಲ. ಬೇಕಾದರೆ ಬಿಟ್ಟು ಹೋಗಬಹುದು ಅಂತ ಸಂವಿಧಾನದಲ್ಲೇ ಬರೆಸಿಕೊಂಡಿದ್ದ ನೆವಿಸ್, 1998ರಲ್ಲಿ ಮತಕ್ಕೆ ಹಾಕಿತು. ಹೋಗೋಣ ಅಂದವರು ಸುಮಾರು ಶೇ. 62, ಬೇಕಿದ್ದದ್ದು ಮೂರರಲ್ಲಿ ಎರಡು ಪಾಲು.

"ಅಯ್ಯೋ, ಗ್ರೇಸ್ ಮಾರ್ಕ್ ಕೊಡಬಾರದಿತ್ತಾ!"

ಇನ್ನು ಆಂಗ್ವಿಲಾದಲ್ಲಿ ಪೊಲೀಸರನ್ನ ಓಡಿಸಿದ ಮೇ 30 ಪ್ರತಿ ವರ್ಷ ಹಬ್ಬ, ದ್ವೀಪ ಸುತ್ತುವ ಹಾಯಿದೋಣಿ ಪಂದ್ಯ ಬೇರೆ, ಅಂದ ಸೀನ.

"ನೋಡು ಮತ್ತೆ," ಅಂದ ಮಂಜ. "ಸ್ವಾತಂತ್ರ್ಯ ಬೇಡ, ರಜೆ ಮಾತ್ರ ಬೇಕು."