ಪದ್ಯದ ವಿಶ್ಲೇಷಣೆ ಬರೆದರೆ ‘ಇದು ಸಾರಾಂಶ’ ಅಂತಾರೆ, ಏನು ಮಾಡಲಿ?

ಕುಂಬಳೆಯ ಹುಡುಗಿ:
ಕಾಸರಗೋಡಿನಲ್ಲಿ ಎಂ.ಎ. ಕನ್ನಡ ಓದ್ತಿದ್ದೇನೆ. ಕುಮಾರವ್ಯಾಸನ ಗದುಗಿನ ಭಾರತದ ಮೊದಲ ಪದ್ಯ ‘ಶ್ರೀವನಿತೆಯರಸನೆ’ ಮೇಲೆ ಪ್ರಬಂಧ ಬರೆದು ಕೊಟ್ಟೆ. ಭಾವಾರ್ಥ ಬರೆದೆ, ಭಾಮಿನಿ ಷಟ್ಪದಿ ಅಂದೆ, ಪ್ರಾಸ ತೋರಿಸಿದೆ, ಕೊನೆಗೆ ಕವಿಯ ಭಕ್ತಿಯ ಬಗ್ಗೆ ಒಂದು ಪುಟ. ‘ಸಾರಾಂಶ ಚೆನ್ನಾಗಿದೆ, ವಿಶ್ಲೇಷಣೆ ಎಲ್ಲಿ?’ ಅಂತ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಟ್ಟರು. ಇನ್ನೇನು ಬರೆಯಬೇಕು ಮಾರಾಯ್ರೆ?

ಬದಿಯಡ್ಕದ ಮಾಷ್ಟ್ರು:
ತಂಗೀ, ಭಾಮಿನಿ ಅಂತ ಹೆಸರು ಹೇಳಿದ್ದು ಸರಿ. ಅದು ಇಲ್ಲಿ ಏನು ಮಾಡ್ತಿದೆ ಅಂತ ಹೇಳಿಲ್ಲ, ಅಷ್ಟೇ. ಸಾಲು ಎಲ್ಲಿ ಮುಗಿಯುತ್ತದೆ ನೋಡು. ‘ಶ್ರೀವನಿತೆಯರಸನೆ ವಿಮಲ ರಾ’. 14 ಮಾತ್ರೆ ಮುಗಿಯಿತು, ಪದ ಮುಗಿಯಲಿಲ್ಲ. ‘ರಾಜೀವ’ (ತಾವರೆ) ಅನ್ನುವ ಪದದ ‘ಜೀವ’ ಮುಂದಿನ ಸಾಲಿಗೆ ಹೋಯಿತು. ನಾಲ್ಕನೆಯ ಸಾಲಿನ ಕೊನೆಗೂ ‘ಶ್ರವಣ ಸು’ ಅಂತ ನಿಂತು, ‘ಸುಧಾ’ (ಅಮೃತ) ಪದದ ‘ಧಾ’ ಕೆಳಗೆ ಇಳಿಯುತ್ತದೆ. ಹಾಗಾಗಿ ಓದುವವನಿಗೆ ಉಸಿರು ತೆಗೆಯಲು ಜಾಗ ಇಲ್ಲ, ಕರೆದದ್ದರ ಮೇಲೆ ಕರೆಯುತ್ತಾ ಹೋಗುತ್ತಾನೆ ಕವಿ. ಇದನ್ನು ಬರೆ.

ಪೆರ್ಲದವ:
ಮಾಷ್ಟ್ರೇ, ಒಂದು ತಕರಾರು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಅಂದ ಮೇಲೆ ಪದ ಒಡೆಯಲೇಬೇಕಾಗುತ್ತದೆ, ಷಟ್ಪದಿಯಲ್ಲಿ ಇದು ಎಲ್ಲ ಕಡೆ ಸಿಗುತ್ತದೆ ಅಲ್ವಾ? ಈ ಪದ್ಯದ ವಿಶೇಷ ಅಂತ ಬರೆದರೆ ವೈವಾದಲ್ಲಿ ಸಿಕ್ಕಿಬೀಳ್ತಾಳೆ.

ಬದಿಯಡ್ಕದ ಮಾಷ್ಟ್ರು:
ಸರಿಯಾದ ಮಾತು. ಆ ತಕರಾರನ್ನೇ ಪ್ರಬಂಧದ ಒಳಗೆ ತಂದರೆ ಜಾಸ್ತಿ ಗಟ್ಟಿ ಆಗುತ್ತದೆ. ಒಡೆಯುವುದು ಛಂದಸ್ಸಿನ ರೂಢಿ, ಹಾಗಾದರೆ ಎಲ್ಲಿ ಒಡೆಯಲಿಲ್ಲ ಅಂತ ಹುಡುಕಬೇಕು. ಐದನೆಯ ಸಾಲು ‘ಕಥನ ಕಾರಣ’ ಅಂತ ಪೂರ್ತಿ ಪದದಲ್ಲೇ ನಿಲ್ಲುತ್ತದೆ. ಆಮೇಲೆ ಆರನೆಯ ಸಾಲು ಶುರುವಾಗುವುದೇ ‘ಕಾವುದು’ ಅಂತ, ಅಂದರೆ ಕಾಪಾಡಬೇಕು ಅಂತ. ಇಡೀ ಪದ್ಯಕ್ಕೆ ಇರುವುದು ಅದೊಂದೇ ಕ್ರಿಯಾಪದ! ಅಲ್ಲಿವರೆಗೆ ಬರೀ ಸಂಬೋಧನೆ: ಲಕ್ಷ್ಮಿಯ ಗಂಡ, ಬ್ರಹ್ಮನ ಅಪ್ಪ, ರಾವಣನನ್ನು ಕೊಂದವ. ಕೇಳಿಕೊಳ್ಳುವ ಮಾತು ಒಂದೇ, ಅದೂ ಕೊನೆಯ ಸಾಲಿನಲ್ಲಿ. ಅಷ್ಟು ಹೊತ್ತಿಗೆ ಆ ದೊಡ್ಡ ದೇವರು ‘ಗದುಗಿನ ವೀರನಾರಾಯಣ’, ಒಂದು ಊರಿನ ಗುಡಿಯವನು. ನಿನ್ನ ಭಕ್ತಿಯ ಪುಟ ತೆಗೆದು ಇದನ್ನು ಹಾಕು.

ನೀರ್ಚಾಲಿನ ಅಕ್ಕ:
ನನ್ನದೂ ಎರಡು ಮಾತು. ಬರೆಯುವ ಮೊದಲು ಜೋರಾಗಿ ಓದು, ಸುಮ್ನೆ ಕಣ್ಣಲ್ಲಿ ಓದಿದರೆ ಇದೆಲ್ಲ ಸಿಗುವುದಿಲ್ಲ. ನಮ್ಮ ಊರಿನಲ್ಲಿ ಯಕ್ಷಗಾನದ ಭಾಗವತರು ಪದ ಎಲ್ಲಿ ನಿಲ್ಲಿಸ್ತಾರೆ ಅಂತ ಕೇಳಿ ಬೆಳೆದವರಿಗೆ ಇದು ಕಷ್ಟ ಅಲ್ಲ. ಮತ್ತೆ ‘ಕನ್ನಡ ಸಾಹಿತ್ಯದಲ್ಲಿ ಕುಮಾರವ್ಯಾಸನ ಸ್ಥಾನ’ ಅಂತ ಶುರು ಮಾಡಬೇಡ ಮಾರಾಯ್ತಿ, ಅದನ್ನು ಓದಿ ಓದಿ ಎಲ್ಲರಿಗೂ ಸಾಕಾಗಿದೆ. ಮುಂದಿನ ಪ್ರಬಂಧಕ್ಕೆ ಮಂಜೇಶ್ವರದ ಗೋವಿಂದ ಪೈಗಳನ್ನು ತೆಗೆದುಕೋ. 1911ರಲ್ಲಿ ಅವರು ಇದೇ ಎರಡನೇ ಅಕ್ಷರದ ಪ್ರಾಸ ಬಿಟ್ಟರು. ಬಿಟ್ಟ ಮೇಲೆ ಸಾಲು ಎಲ್ಲಿ ನಿಲ್ಲುತ್ತದೆ ಅಂತ ಇದರ ಜೊತೆ ಇಟ್ಟು ನೋಡಬಹುದು.

ಕುಂಬಳೆಯ ಹುಡುಗಿ:
ಹಾಗಾದರೆ ಮೊದಲ ವಾಕ್ಯ ಹೀಗೆ ಬರೆಯಲಾ? ‘ಐದು ಸಾಲು ದೇವರನ್ನು ಕರೆಯುವ ಕವಿ, ಕಾಯಬೇಕೆಂದು ಕೇಳುವುದು ಆರನೆಯ ಸಾಲಿನಲ್ಲಿ ಮಾತ್ರ.’

ಬದಿಯಡ್ಕದ ಮಾಷ್ಟ್ರು:
ಬರಿ. ಕೆಳಗೆ ಇಡೀ ಪದ್ಯ ಮತ್ತೆ ಇಳಿಸಬೇಡ, ಬೇಕಾದ ಎರಡು ಮೂರು ಪದ ಸಾಕು. ಪೆರ್ಲದವರ ತಕರಾರು ಎರಡನೇ ಪ್ಯಾರಾದಲ್ಲೇ ಬರಲಿ.