ವಾಟರ್ ಪೋಲೊ: ಮೂರು ವಾರ ಹಂಗೇರಿ, ಸರ್ಬಿಯಾ ಶಿಬಿರ. ದಾವಣಗೆರೆಯಲ್ಲಿದ್ದುಕೊಂಡು ತಯಾರಿ ಹೇಗೆ?

ಕುಂದುವಾಡ ಕೆರೆ ಏರಿ:
ಅಕ್ಕನ ಮಗ, 17 ವರ್ಷ, ವಾಟರ್ ಪೋಲೊ (ಕೊಳದಲ್ಲಿ ಈಜುತ್ತಾ ಚೆಂಡನ್ನ ಗೋಲಿಗೆ ಎಸೆಯೋ ಆಟ) ಜೂನಿಯರ್ ರಾಷ್ಟ್ರೀಯ ತಂಡದ ಪಟ್ಟಿಯಲ್ಲಿದ್ದಾನೆ. ಬುಡಾಪೆಸ್ಟ್‌ನಲ್ಲಿ ಎರಡು ವಾರ, ಆಮೇಲೆ ಬೆಲ್‌ಗ್ರೇಡ್‌ನಲ್ಲಿ ಒಂದು ವಾರ ಅಲ್ಲಿನ ಕ್ಲಬ್ ಹುಡುಗರ ಜೊತೆ ಅಭ್ಯಾಸ. ಹೊರಡೋಕೆ ಎರಡೂವರೆ ತಿಂಗಳಿದೆ, ಅದರಲ್ಲಿ ಏಳು ವಾರ ದಾವಣಗೆರೆಯಲ್ಲೇ ಇರಬೇಕು. ಇಲ್ಲಿ ಸಿಗೋ ಕೊಳ ಒಂದು ತುದಿಗೆ ನಾಲ್ಕು ಅಡಿ, ಇನ್ನೊಂದು ತುದಿಗೆ ಆರೂವರೆ. ಆಳ ಇರೋ ಜಾಗ ಏಳೆಂಟು ಮೀಟರ್ ಅಷ್ಟೇ. ಗೋಲ್ ಇಲ್ಲ, ಜೊತೆಗೆ ಆಡೋರೂ ಇಲ್ಲ.

ಈ ಕೊಳದಲ್ಲಿ ಏನು ಮಾಡಿದರೆ ಅಲ್ಲಿ ಉಪಯೋಗಕ್ಕೆ ಬರುತ್ತೆ? ವೀಸಾ, ಕಾಗದಪತ್ರದಲ್ಲಿ ಎಲ್ಲಿ ಎಡವುತ್ತಾರೆ? ಬ್ಯಾಗಲ್ಲಿ ಏನಿರಬೇಕು? "ಚೆನ್ನಾಗಿ ತಿನ್ನಿಸಿ, ಧೈರ್ಯ ತುಂಬಿ" ಅನ್ನೋದನ್ನ ಬಿಟ್ಟು ಬೇರೆ ಏನಿದ್ರೂ ಹೇಳಿ.

ದುರ್ಗದ ಗೋಲಿ:
ಏಳು ವಾರ ಕಾಲಿಗೆ ಕೊಡಿ. ಶೂಟಿಂಗ್ ಅಲ್ಲಿ ಹೇಳಿಕೊಡ್ತಾರೆ, ಕಾಲಿಗೆ ಬಲ ಬರಿಸೋಕೆ ಮೂರು ವಾರ ಯಾರಿಗೂ ಸಾಲಲ್ಲ. ಕಾಲಿಲ್ಲದ ಹುಡುಗ ಮೂರನೇ ದಿನಕ್ಕೆ ನೀರಿಂದ ಭುಜ ಮೇಲೆತ್ತೋಕಾಗದೆ ಬೆಂಚ್ ಹಿಡಿತಾನೆ.

ಎಗ್‌ಬೀಟರ್ ಒದೆತ (ನೀರಲ್ಲಿ ತೇಲಿ ನಿಲ್ಲೋಕೆ ಎರಡು ಕಾಲನ್ನ ಒಂದಾದ ಮೇಲೊಂದು ಸುತ್ತು ತಿರುಗಿಸೋದು) ನೆಲದ ಮೇಲೆ ಶುರು ಮಾಡಿ. ಕುರ್ಚಿ ತುದಿಗೆ ಕೂತು, ಬೆನ್ನು ನೇರ, ತೊಡೆ ಅಗಲ. ಮೇಲಿಂದ ನೋಡಿದಾಗ ಬಲಗಾಲು ಗಡಿಯಾರದ ಮುಳ್ಳಿಗೆ ಎದುರು, ಎಡಗಾಲು ಮುಳ್ಳಿನ ದಿಕ್ಕಿಗೆ, ಒಂದಾದ ಮೇಲೆ ಒಂದು. ಎರಡೂ ಒಟ್ಟಿಗೆ ಹೊಡೆದರೆ ಅದು ಬ್ರೆಸ್ಟ್‌ಸ್ಟ್ರೋಕ್ ಒದೆತ: ಮೈ ಮೇಲೆ ಕೆಳಗೆ ಕುಪ್ಪಳಿಸುತ್ತೆ, ಚೆಂಡು ಹಿಡಿದ ಕೈ ಅಲುಗುತ್ತೆ. ಪಾದದ ಒಳಬದಿ ನೀರನ್ನ ಹಿಡಿಬೇಕು, ಬೆರಳು ಮೇಲಕ್ಕೆ ಮಡಚಿರಬೇಕು. ತಿರುಗೋದು ಸೊಂಟದ ಕೀಲಿಂದ. ಸೊಂಟ ಬಿಗಿ ಇದ್ದರೆ ಆ ತಿರುವೆಲ್ಲ ಮೊಣಕಾಲ ಮೇಲೆ ಬೀಳುತ್ತೆ, ಎರಡು ವಾರದಲ್ಲಿ ಮೊಣಕಾಲ ಒಳಬದಿ ನೋವು ಶುರು. ಹಾಗೆ ನೋವು ಬಂದರೆ ಒದೆತ ಅರ್ಧಕ್ಕೆ ಇಳಿಸಿ, ಸೊಂಟ ಸಡಿಲಿಸೋ ವ್ಯಾಯಾಮ ಹೆಚ್ಚಿಸಿ.

ನಾಲ್ಕು ಅಡೀಲಿ ನೆಟ್ಟಗೆ ನಿಂತು ಇದನ್ನ ಮಾಡೋಕಾಗಲ್ಲ, ಪಾದ ನೆಲಕ್ಕೆ ತಾಗುತ್ತೆ. ತಾಗಿದ ಕೂಡಲೇ ಹುಡುಗರು ಗೊತ್ತಿಲ್ಲದೆ ನೆಲ ಒತ್ತೋಕೆ ಶುರು ಮಾಡ್ತಾರೆ, ಆ ಚಾಳಿ ಬಿಡಿಸೋದು ಕಷ್ಟ. ಅಲ್ಲಿ ಅಡ್ಡ ಎಗ್‌ಬೀಟರ್ ಮಾಡಿಸಿ: ಎದೆ ಮುಂದಕ್ಕೆ ಬಾಗಿಸಿ, ಸೊಂಟ ಮೇಲಿಟ್ಟು, ಎರಡು ಕೈಯಲ್ಲಿ ಚೆಂಡು ತಳ್ಳಿಕೊಂಡು 10 ಸಲ 25 ಮೀಟರ್. ಆಳದ ತುದೀಲಿ ನೆಟ್ಟಗೆ: ಎರಡೂ ಕೈ ಮೊಣಕೈವರೆಗೆ ನೀರಿಂದ ಹೊರಗೆ 30 ಸೆಕೆಂಡ್, 30 ವಿರಾಮ, 8 ಸಲ. ನಾಲ್ಕನೇ ವಾರದಿಂದ 2 ಲೀಟರ್ ನೀರಿನ ಬಾಟಲಿ ತಲೆ ಮೇಲೆ ಎತ್ತಿಕೊಂಡು. ಏಳನೇ ವಾರ 5 ಕೆಜಿ ಎತ್ತಿ 40 ಸೆಕೆಂಡ್ ಗದ್ದ ಮುಳುಗದೆ ನಿಂತರೆ ತಯಾರಿ ಸರಿ ಇದೆ ಅಂತ. ಭಾರ ಎತ್ತುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಈಜು ಗಿಡ್ಡ ಇರಲಿ, ಜೋರಾಗಿರಲಿ. 2025ರ ನಿಯಮದಲ್ಲಿ ಗಂಡಸರ ಅಂಕಣ 30 ಮೀಟರಿಂದ 25ಕ್ಕೆ ಇಳಿದಿದೆ, ದಾಳಿಯ ಅವಧಿ (ಚೆಂಡು ಸಿಕ್ಕ ಮೇಲೆ ಗೋಲಿಗೆ ಎಸೆಯೋಕೆ ಇರೋ ಸಮಯ) 30 ಸೆಕೆಂಡಿಂದ 25ಕ್ಕೆ. ತಿರುಗೋದು, ಮತ್ತೆ ಓಟ ಕೀಳೋದು ಜಾಸ್ತಿ ಆಗಿದೆ. ತಲೆ ಎತ್ತಿ ಫ್ರೀಸ್ಟೈಲ್ 16 ಸಲ 25 ಮೀಟರ್, ಗೋಡೆ ಮುಟ್ಟದೆ ನೀರಲ್ಲೇ ತಿರುಗಿ.

ಗೋಲ್ ಒಳಅಳತೆ 3 ಮೀಟರ್ ಅಗಲ, ನೀರಿಂದ 90 ಸೆಂಮೀ ಎತ್ತರ. ಅದೇ ಅಳತೆಗೆ ದಪ್ಪ ಟಾರ್ಪಾಲ್ ಕತ್ತರಿಸಿ, ನಾಲ್ಕು ಮೂಲೇಲಿ 30 ಸೆಂಮೀ ಚೌಕ ತೂತು ಮಾಡಿ ಆಳದ ತುದೀಲಿ ಕಟ್ಟಿ. ಮೊದಲ ವಾರ ದಿನಕ್ಕೆ 60 ಎಸೆತ ಸಾಕು. ಭುಜ ಕೆಟ್ಟರೆ ಪ್ರವಾಸವೇ ಹೋಯ್ತು. ಎಸೆಯೋ ಮುಂಚೆ ರಬ್ಬರ್ ಬ್ಯಾಂಡಲ್ಲಿ ಮೊಣಕೈ ಪಕ್ಕೆಗೆ ಅಂಟಿಸಿ ಮುಂಗೈ ಹೊರಕ್ಕೆ ತಿರುಗಿಸೋದು, 15ರ ಎರಡು ಸುತ್ತು.

ಚೆಂಡು 5ನೇ ನಂಬರ್, 400ರಿಂದ 450 ಗ್ರಾಂ, ಗಾಳಿ 8ರಿಂದ 9 ಪಿಎಸ್‌ಐ. ಸೈಕಲ್ ಶಾಪಲ್ಲಿ ಕಲ್ಲಾಗೋ ಹಂಗೆ ತುಂಬಿಸಬೇಡಿ, ಒದ್ದೆ ಕೈಯಿಂದ ಜಾರುತ್ತೆ.

ಪಿ.ಜೆ. ಬಡಾವಣೆ ಮೇಡಂ:
ಕಾಗದಪತ್ರದ ಬಗ್ಗೆ. ಹಂಗೇರಿ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಒಳಗಿದೆ, ಸರ್ಬಿಯಾ ಇಲ್ಲ. ಭಾರತೀಯರಿಗೆ ಸರ್ಬಿಯಾ ಕೊಟ್ಟಿದ್ದ ವೀಸಾ ರಹಿತ ಪ್ರವೇಶ 2023ರ ಜನವರಿ 1ಕ್ಕೆ ನಿಂತಿದೆ. ಆದರೆ ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದರೆ ಸರ್ಬಿಯಾಕ್ಕೆ ಬೇರೆ ವೀಸಾ ಬೇಕಿಲ್ಲ. ಎಡವುವುದು ಇಲ್ಲೇ: ಷೆಂಗೆನ್ ವೀಸಾವನ್ನು ಬುಡಾಪೆಸ್ಟ್‌ನ ಎರಡು ವಾರಕ್ಕೆ ಮಾತ್ರ ಕೇಳಿದರೆ ಬೆಲ್‌ಗ್ರೇಡ್‌ಗೆ ಹೋಗುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಪೂರ್ತಿ ಮೂರು ವಾರ ಮತ್ತು ಮೇಲೆ ಕೆಲವು ದಿನಕ್ಕೆ, ಮಲ್ಟಿಪಲ್ ಎಂಟ್ರಿಗೇ ಅರ್ಜಿ ಹಾಕಬೇಕು. ಒಂದೇ ಪ್ರವೇಶದ ವೀಸಾ ಇದ್ದರೆ ಪಂದ್ಯಕ್ಕೆಂದು ಮತ್ತೆ ಹಂಗೇರಿಗೆ ಬರುವಂತಿಲ್ಲ. ಅರ್ಜಿಯನ್ನು ತಂಡದ ಮ್ಯಾನೇಜರ್ ಒಟ್ಟಾಗಿ ಹಾಕುತ್ತಾರೆ ನಿಜ, ಆದರೂ ದಿನಾಂಕಗಳನ್ನು ನೀವೇ ಓದಿ ನೋಡಿ.

ಪಾಸ್‌ಪೋರ್ಟ್ ಷೆಂಗೆನ್ ಬಿಡುವ ದಿನದಿಂದ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಅರ್ಜಿಗೆ ಕೊನೆಯ ಗಡುವು ಪ್ರಯಾಣಕ್ಕೆ 15 ದಿನ ಮೊದಲು. ಅದನ್ನು ನಂಬಿ ಕೂರಬೇಡಿ, 15 ದಿನ ಎಂಬುದು ಅವರು ತೀರ್ಮಾನಕ್ಕೆ ತೆಗೆದುಕೊಳ್ಳುವ ಮಾಮೂಲಿ ಸಮಯ. ಬೇಸಿಗೆ ರಜೆಯ ಹೊತ್ತಿಗೆ ಬೆಂಗಳೂರಿನಲ್ಲಿ ಬೆರಳಚ್ಚಿನ ಸ್ಲಾಟ್ ಸಿಗುವುದೇ ಕಷ್ಟ.

ನಮ್ಮ ಕಡೆ ಮಕ್ಕಳಿಗೆ ಬರುವ ದೊಡ್ಡ ತೊಂದರೆ ಇನಿಷಿಯಲ್. ಅಂಕಪಟ್ಟಿಯಲ್ಲಿ ಒಂದೇ ಅಕ್ಷರ, ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಊರ ಹೆಸರು, ಆಧಾರ್‌ನಲ್ಲಿ ಇನ್ನೊಂದು ಥರ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ ಆಯ್ಕೆ ಪತ್ರ, ಟಿಕೆಟ್, ವಿಮೆ ಎಲ್ಲದರಲ್ಲೂ ಬರುವಂತೆ ಮ್ಯಾನೇಜರ್‌ಗೆ ಪಾಸ್‌ಪೋರ್ಟ್ ಪ್ರತಿಯನ್ನೇ ಕಳಿಸಿ, ಫೋನಿನಲ್ಲಿ ಹೆಸರು ಹೇಳಬೇಡಿ. 18 ತುಂಬದ ಕಾರಣ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ನೋಟರಿ ಒಪ್ಪಿಗೆ ಪತ್ರ ಬೇಕು. ಮಾವನ ಸಹಿ ನಡೆಯುವುದಿಲ್ಲ.

ವೀಸಾಕ್ಕೆ 30,000 ಯೂರೋ ವಿಮೆ ಕಡ್ಡಾಯ. ಅಗ್ಗದ ಪಾಲಿಸಿಗಳಲ್ಲಿ ಸಂಘಟಿತ ಕ್ರೀಡೆಯ ಗಾಯಕ್ಕೆ ಪರಿಹಾರ ಇಲ್ಲವೆಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ವೀಸಾಕ್ಕೆ ಅದು ನಡೆಯುತ್ತದೆ, ಮೊಣಕೈ ಬಡಿದು ಹಲ್ಲು ಮುರಿದಾಗ ನಡೆಯುವುದಿಲ್ಲ. ಇನ್ನು ಖರ್ಚು ಸರ್ಕಾರದ್ದೋ ಸ್ವಂತದ್ದೋ ಎಂಬುದನ್ನು ಈಗಲೇ ಬರಹದಲ್ಲಿ ಕೇಳಿ.

ಔಷಧಿ ಡಬ್ಬಿ:
ಬ್ಯಾಗಿಗೆ ಮೊದಲು ಔಷಧಿ ನೋಡಿ ಅಣ್ಣ. ಮೆಡಿಕಲ್ ಶಾಪಲ್ಲಿ ಕೆಮ್ಮು ಅಂದ ಕೂಡಲೇ ಕೊಡೋ ಎಷ್ಟೋ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಇರುತ್ತೆ. ಅದು ವಾಡಾ (ಕ್ರೀಡೇಲಿ ಉದ್ದೀಪನ ಮದ್ದು ತಡೆಯೋ ವಿಶ್ವ ಸಂಸ್ಥೆ) ಪಟ್ಟೀಲಿ ಸದಾಕಾಲ ನಿಷೇಧ, ಪಂದ್ಯ ಇದ್ರೂ ಇಲ್ಲದಿದ್ರೂ. ಮೂಗು ಕಟ್ಟಿದ್ದಕ್ಕೆ ಕೊಡೋ ಮಾತ್ರೇಲಿ ಸೂಡೊಎಫೆಡ್ರಿನ್ ಇರಬಹುದು, ಪಂದ್ಯದ ಹೊತ್ತಲ್ಲಿ ಅದಕ್ಕೆ ಮಿತಿ ಇದೆ. ಬ್ರ್ಯಾಂಡ್ ಹೆಸರು ನೋಡಬೇಡಿ, ಹಿಂದಿನ ಸಣ್ಣಕ್ಷರ ಓದಿ. ಅದೇ ಕೆಲಸದ ನಮ್ಮ ದೇಶದ ಸಂಸ್ಥೆ ನಾಡಾದ್ದು 'ನೋ ಯುವರ್ ಮೆಡಿಸಿನ್' (Know Your Medicine) ಆ್ಯಪ್ ಇದೆ, ಅದರಲ್ಲಿ ಹುಡುಕಿ.

ವೀಸಿಂಗ್ (ಉಬ್ಬಸ) ಇದ್ದರೆ ಸಾಲ್ಬ್ಯುಟಮಾಲ್ ಇನ್‌ಹೇಲರ್ ನಡೆಯುತ್ತೆ: 24 ಗಂಟೇಲಿ 1600 ಮೈಕ್ರೋಗ್ರಾಂ, ಅದರಲ್ಲೂ ಯಾವುದೇ 8 ಗಂಟೇಲಿ 600 ಮೀರಬಾರದು. 100ರ ಇನ್‌ಹೇಲರ್ ಆದ್ರೆ ಎಂಟು ಗಂಟೆಗೆ ಆರು ಪಫ್. ಅದನ್ನೇ ನೆಬ್ಯುಲೈಸರಲ್ಲಿ ತಗೊಂಡ್ರೆ 2.5 ಮಿಲಿಗ್ರಾಂನ ಒಂದೇ ಡೋಸಿಗೆ ದಿನದ ಮಿತಿ ದಾಟುತ್ತೆ, ಅದಕ್ಕೆ ಮುಂಚೆಯೇ ವೈದ್ಯಕೀಯ ವಿನಾಯ್ತಿ ಬೇಕು.

ತಿಂಡಿ ವಿಷಯ: ಹೊರಗಿಂದ ಬರೋರು ಮಾಂಸ, ಹಾಲಿನ ಪದಾರ್ಥ ತರೋದನ್ನ ಐರೋಪ್ಯ ಒಕ್ಕೂಟ ಬಿಡಲ್ಲ. ಬುಡಾಪೆಸ್ಟಲ್ಲಿ ಇಳಿಯೋನಿಗೆ ತುಪ್ಪ, ಬೆಣ್ಣೆ, ಪೇಡ ಕಟ್ಟಿಕೊಡಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಸಾಕು.

ಕುಂದುವಾಡ ಕೆರೆ ಏರಿ:
ಎಲ್ಲರಿಗೂ ಥ್ಯಾಂಕ್ಸ್. ದುರ್ಗದ ಸರ್, ಅಲ್ಲಿನ ಹುಡುಗರ ಜೊತೆ ಆಡುವಾಗ ಇವನಿಗೆ ಮೊದಲು ಎಲ್ಲಿ ಪೆಟ್ಟು ಬೀಳುತ್ತೆ? ನೀರು ತುಂಬ ತಣ್ಣಗಿರುತ್ತಾ?

ದುರ್ಗದ ಗೋಲಿ:
ನಿಯಮದ ಪ್ರಕಾರ 26 ಡಿಗ್ರಿ, ಒಂದು ಹೆಚ್ಚು ಕಡಿಮೆ. ಬೇಸಿಗೇಲಿ ನಮ್ಮ ಕೊಳ 30ರ ಹತ್ತಿರ ಇರುತ್ತೆ, ಹಾಗಾಗಿ ಮೊದಲ ಎರಡು ದಿನ ಚಳಿ ಅನ್ಸುತ್ತೆ. ಕೊಳದಿಂದ ರೂಮಿಗೆ ಹೋಗೋಕೆ ದಪ್ಪ ಜಾಕೆಟ್, ಉಣ್ಣೆ ಟೋಪಿ ಇರಲಿ.

ಪೆಟ್ಟು ಬೀಳೋದು ನೀರಿನ ಕೆಳಗೆ. ಹಂಗೇರಿ ಒಂಬತ್ತು ಒಲಿಂಪಿಕ್ ಚಿನ್ನ ಗೆದ್ದ ದೇಶ, ಸರ್ಬಿಯಾ ರಿಯೊ, ಟೋಕಿಯೊ, ಪ್ಯಾರಿಸ್ ಮೂರೂ ಗೆದ್ದಿದೆ. ಅಲ್ಲಿ 14ರ ಹುಡುಗನೂ ಎದುರಾಳಿಯ ಸೊಂಟ ಹಿಡಿದೇ ಆಡ್ತಾನೆ. ಚೆಂಡು ಕೈಯಲ್ಲಿ ಹಿಡಿದಿರೋನನ್ನ ತಡೆಯೋದು, ಮುಳುಗಿಸೋದು ತಪ್ಪಲ್ಲ. ಕೈ ಬಿಟ್ಟ ಕ್ಷಣದಿಂದ ಅದೇ ಕೆಲಸ ಫೌಲ್. ಅದಕ್ಕೆ ಅವರು ಒತ್ತಡ ಬಂದ ಕೂಡಲೇ ಚೆಂಡನ್ನ ನೀರ ಮೇಲೆ ಬಿಟ್ಟು ಫ್ರೀಥ್ರೋ (ಫೌಲ್ ಆದವರಿಗೆ ಸಿಗೋ ಅಡ್ಡಿಯಿಲ್ಲದ ಎಸೆತ) ತಗೋತಾರೆ, ನಮ್ಮೋರು ಅಪ್ಪಿ ಹಿಡ್ಕೊಂಡು ಚೆಂಡು ಕಳ್ಕೊತಾರೆ. ಒಬ್ಬನೇ ಇದ್ರೂ ಕಲಿಸಬಹುದು: ನೀವು ನೀರಿಗಿಳಿದು ಹಿಂದಿಂದ ಅವನ ಸೊಂಟ ಹಿಡಿದು ಎಳೀರಿ, ಅವನು ಚೆಂಡು ಬಿಟ್ಟು, ಮತ್ತೆ ಎತ್ತಿ, ಎರಡು ಸೆಕೆಂಡಲ್ಲಿ ಪಾಸ್ ಕೊಡಲಿ. ದಿನಕ್ಕೆ 20 ಸಲ.

ಚಡ್ಡಿ ಮೂರು ತಗೊಳ್ಳಿ, ದಪ್ಪ ಬಟ್ಟೆಯ ವಾಟರ್ ಪೋಲೊ ಚಡ್ಡೀನೇ ಆಗಬೇಕು. ಈಜಿನ ತೆಳು ಚಡ್ಡಿ ಒಂದು ಎಳೆತಕ್ಕೆ ಹರಿಯುತ್ತೆ. ಆಟದಲ್ಲಿ ಈಜು ಕನ್ನಡಕ (ಗಾಗಲ್ಸ್) ಹಾಕಂಗಿಲ್ಲ, ಈಗಿಂದಲೇ ದಿನಾ ಅರ್ಧ ಗಂಟೆ ಇಲ್ಲದೆ ಈಜಲಿ. ಮೌತ್‌ಗಾರ್ಡನ್ನ ಹಲ್ಲಿನ ಡಾಕ್ಟ್ರ ಹತ್ರ ಅಚ್ಚು ತೆಗೆಸಿ ಮಾಡಿಸಿ. ನೇಲ್ ಕಟರ್ ಮರೀಬೇಡಿ, ನೀರಿಗಿಳಿಯೋ ಮುಂಚೆ ರೆಫರಿ ಉಗುರು ಮುಟ್ಟಿ ನೋಡ್ತಾರೆ, ಉದ್ದ ಇದ್ರೆ ಕತ್ತರಿಸೋವರೆಗೂ ಒಳಗೆ ಬಿಡಲ್ಲ.