ತುಕ್ಕು ಹಿಡಿದ ಒಲೆ ಭಾಗಗಳಿಗೆ ಯಾವ ಪುಡಿಯಲ್ಲಿ ಬ್ಲಾಸ್ಟಿಂಗ್ ಮಾಡಿಸಬೇಕು?

ಸಾಗರದಿಂದ ಪ್ರಶ್ನೆ: ಅಟ್ಟದಲ್ಲಿದ್ದ ಹಿತ್ತಾಳೆ ಪಂಪ್ ಸ್ಟೌ ಒಂದು, ಮದುವೆ ಅಡುಗೆಗೆ ಬಳಸುತ್ತಿದ್ದ ಬೀಡಿನ ಗ್ಯಾಸ್ ಒಲೆ ಎರಡು ಇವೆ. ನಮ್ಮ ಮಳೆಗಾಲ ಗೊತ್ತಲ್ಲ, ಕಾಲು, ರಿಂಗು, ಬರ್ನರ್ ಎಲ್ಲಾ ತುಕ್ಕು. ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಪುಡಿ ರಭಸವಾಗಿ ಹೊಡೆದು ತುಕ್ಕು ತೆಗೆಸುವ ಕೆಲಸಕ್ಕೆ ಮರಳು, ಗಾಜಿನ ಮಣಿ, ಅಲ್ಯುಮಿನಿಯಂ ಆಕ್ಸೈಡ್ ಇವುಗಳಲ್ಲಿ ಯಾವುದು ಒಳ್ಳೆಯದು? ಮಾಡಿಸಿದವರು ದಯವಿಟ್ಟು ತಿಳಿಸಿ.

ಬೆಳಗಾವಿ, ಫೌಂಡ್ರಿ ಕೆಲಸ: ಮೊದಲ ಎಲ್ಲಾ ಬಿಚ್ಚಿ ಬೀಡು ಒಂದ್ ಕಡೆ, ಹಿತ್ತಾಳಿ ಒಂದ್ ಕಡೆ, ತೆಳ್ಳನ ತಗಡ ಒಂದ್ ಕಡೆ ಇಡ್ರಿ ಸರ್. ಎಲ್ಲಾಕ್ಕೂ ಒಂದ ಪುಡಿ ಹೊಡಸಬ್ಯಾಡ್ರಿ. ಬೀಡಿಗೆ ಕಂದು ಅಲ್ಯುಮಿನಿಯಂ ಆಕ್ಸೈಡ್, 80 ಮೆಶ್ (ಕಾಳಿನ ಸಣ್ಣತನದ ಅಳತಿ), 80 ಪಿಎಸ್‌ಐ ಒತ್ತಡ ಸಾಕು. ಮೋಸ್ ಅಳತಿಯೊಳಗ ಅದರ ಗಡಸುತನ 9, ವಜ್ರದ್ದು 10. ಕಾಳು ಚೂಪ ಇರತಾವ, ಗುಳಿಯೊಳಗಿನ ತುಕ್ಕೂ ಎದ್ದ ಬರತೈತಿ. ಮುಚ್ಚಿದ ಕ್ಯಾಬಿನೆಟ್ ಪೆಟ್ಟಿಗಿಯೊಳಗ ಹೊಡದರ ಅದ ಪುಡಿ ಸೋಸಿ ಮತ್ತ ಮತ್ತ ಬಳಸಬಹುದು. ಗಾರ್ನೆಟ್ ಅನ್ನೋ ಗಟ್ಟಿ ಖನಿಜದ ಪುಡಿ ಸಿಕ್ಕರ ಅದೂ ಛಲೋನ. ಸ್ಟೀಲ್ ಶಾಟ್ (ಸಣ್ಣ ಉಕ್ಕಿನ ಗುಂಡು) ಹೊಡಿಯೋ ತಿರುಗು ಡ್ರಮ್ಮಿಗೆ ಮಾತ್ರ ಹಾಕಸಬ್ಯಾಡ್ರಿ. ಹಳೇ ರಿಂಗು ಒಂದಕ್ಕೊಂದು ಬಡದು ತುದಿ ಮುರಿತಾವ, ಬೀಡು ಬಗ್ಗಂಗಿಲ್ಲ, ಒಡಿತೈತಿ.

ಇನ್ನೊಂದು, ಜಿಡ್ಡು ಹೋಗೂತನ ಬ್ಲಾಸ್ಟಿಂಗ್ ಬ್ಯಾಡ. ಬಿಸಿನೀರಾಗ ವಾಷಿಂಗ್ ಸೋಡಾ ಹಾಕಿ ನೆನಸಿ, ತಿಕ್ಕಿ, ಒಣಗಿಸಿ ಒಯ್ರಿ. ಎಣ್ಣಿ ಇದ್ದರ ಪುಡಿ ಗಂಟಾಗಿ ನಾಝಲ್, ಅಂದ್ರ ಪುಡಿ ಹೊರಬರೋ ಬಾಯಿ, ಕಟ್ಟತೈತಿ.

ಮೈಸೂರು, ಸ್ಟೌ ರಿಪೇರಿ: ಹಿತ್ತಾಳೆ ವಿಷಯ ನಾನು ಹೇಳ್ತೀನಿ. ಪಂಪ್ ಸ್ಟೌ ಟ್ಯಾಂಕಿಗೆ ಬ್ಲಾಸ್ಟಿಂಗ್ ಬೇಡವೇ ಬೇಡ. ಅದು ಒತ್ತಡ ತಡೆಯುವ ಪಾತ್ರೆ, ತಗಡು ತೆಳು, ಬೆಸುಗೆ ಹಳೇದು. ಹುಣಸೆಹಣ್ಣು, ಉಪ್ಪು, ಮೆತ್ತನೆ ಬಟ್ಟೆ ಸಾಕು. ಬರ್ನರ್ ಹೊರಮೈಗೆ ಬೇಕಾದರೆ ಗಾಜಿನ ಮಣಿ, 40 ಪಿಎಸ್‌ಐ ಮೀರದ ಹಾಗೆ. ಮಣಿ ದುಂಡಗಿರೋದರಿಂದ ಕೆರೆಯಲ್ಲ, ಬಡಿದು ನುಣುಪು ಮಾಡುತ್ತೆ. ಹೊಡೆಸುವ ಮುಂಚೆ ನಿಪ್ಪಲ್ (ಆವಿ ಚಿಮ್ಮುವ ಸಣ್ಣ ತೂತಿನ ತುಂಡು) ಬಿಚ್ಚಿಡಿ, ಥ್ರೆಡ್ಡಿಗೆ ರಬ್ಬರ್ ಬಿರಡೆ ತುರುಕಿ. ಬರ್ನರ್ ಒಳಗೆ ಸೀಮೆಎಣ್ಣೆ ಆವಿಯಾಗಿ ಹರಿಯುವ ಕೊಳವೆ ಬಹಳ ಸಣ್ಣದು. ಅಲ್ಲಿ ಸೇರಿದ ನಾಲ್ಕು ಕಾಳು ಉರಿ ಹತ್ತಿದ ಮೇಲೆ ನಿಪ್ಪಲ್ಲಿಗೆ ಬಂದು ಕೂರುತ್ತೆ, ಜ್ವಾಲೆ ಒಂದು ಪಕ್ಕ ವಾಲುತ್ತೆ. ಪಿನ್ ಚುಚ್ಚಿ ಚುಚ್ಚಿ ತೂತು ದೊಡ್ಡದಾದರೆ ಹಳದಿ ಉರಿ, ಪಾತ್ರೆಗೆಲ್ಲಾ ಮಸಿ.

ಅಡುಗೆ ಸೋಡಾ ಬ್ಲಾಸ್ಟಿಂಗೂ ಇದೆ. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ತಾಮ್ರಕ್ಕೆ ಒಳಗಡೆ ಬಳಿದಿದ್ದ ಕೋಲ್ ಟಾರ್ ತೆಗೆದದ್ದು ಅದರಲ್ಲೇ, 1980ರ ದಶಕದಲ್ಲಿ. ಬಣ್ಣ, ಮಸಿ ಹೋಗುತ್ತೆ. ದಪ್ಪ ತುಕ್ಕಿಗೆ ಅದು ನಾಟಲ್ಲ.

ಬೆಂಗಳೂರು, ಕಾರ್ಖಾನೆ ಸುರಕ್ಷತಾ ವಿಭಾಗ: ಮರಳಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ದಯವಿಟ್ಟು ಬೇಡ. ವೇಗವಾಗಿ ಬಡಿದಾಗ ಮರಳು ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ದೂಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಇದರಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದರೆ ವಾಸಿಯಾಗುವುದಿಲ್ಲ. ಜೀನ್ಸ್ ಬಟ್ಟೆ ಮಾಸಲು ಮಾಡಲು ಮರಳು ಹೊಡೆಯುತ್ತಿದ್ದ ಟರ್ಕಿಯ ಹುಡುಗರು ಹೀಗೆ ಸತ್ತರು, 2009ರಲ್ಲಿ ಆ ದೇಶ ಅದನ್ನು ನಿಷೇಧಿಸಿತು. ಮುಖಕ್ಕೆ ಕಟ್ಟಿದ ಟವೆಲ್ಲು ಈ ದೂಳನ್ನು ತಡೆಯುವುದಿಲ್ಲ. ಅಂಗಡಿಗೆ ಹೋದಾಗ ಡಬ್ಬಿಯಲ್ಲಿ ಏನು ತುಂಬಿದ್ದಾರೆ ಅಂತ ಕೇಳಿ. ನದಿ ಮರಳೋ ಎಂ-ಸ್ಯಾಂಡೋ ಇದ್ದರೆ ವಾಪಸ್ ಬನ್ನಿ. ನಿಮ್ಮ ಒಲೆಯ ಮುಂದೆ ನಿಂತು ಆ ದೂಳು ಉಸಿರಾಡುವವನು ಅಂಗಡಿಯಲ್ಲಿ ಬ್ಲಾಸ್ಟಿಂಗ್ ಮಾಡುವ ಹುಡುಗ.

ಉಡುಪಿ: ಮನೆಯಲ್ಲೇ ಮಾಡುವ ಯೋಚನೆ ಇದ್ದರೆ ಬಿಡಿ ಮಾರಾಯ್ರೆ. 3 ಮಿಲಿಮೀಟರ್ ನಾಝಲ್ಲಿಗೇ 80 ಪಿಎಸ್‌ಐನಲ್ಲಿ ನಿಮಿಷಕ್ಕೆ ಸುಮಾರು 17 ಘನ ಅಡಿ ಗಾಳಿ ಬೇಕು, ಪಂಕ್ಚರ್ ಅಂಗಡಿಯ 2 ಎಚ್‌ಪಿ ಕಂಪ್ರೆಸರ್ ಅಷ್ಟು ಕೊಡುವುದಿಲ್ಲ. ಮತ್ತೆ, ಬ್ಲಾಸ್ಟಿಂಗ್ ಆದ ಬೀಡು ಬೂದು ಬಣ್ಣದಲ್ಲಿ ಚಂದ ಕಾಣುತ್ತದೆ, ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಸಂಜೆಯೊಳಗೆ ಕೆಂಪಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಅದೇ ದಿನ 600 ಡಿಗ್ರಿ ತಡೆಯುವ ಅಲ್ಯುಮಿನಿಯಂ ಪೇಂಟ್ ಹಚ್ಚಿಸಿ.

ಸಾಗರ: ಎಲ್ಲರಿಗೂ ಧನ್ಯವಾದ. ಒಂದು ರಿಂಗಿಗೆ ಕಪ್ಪು ಎನಾಮೆಲ್ ಇದೆ, ಅಲ್ಲಲ್ಲಿ ಚಕ್ಕೆ ಎದ್ದಿದೆ. ಅದಕ್ಕೂ ಹೊಡೆಸಬಹುದಾ?

ಬೆಳಗಾವಿ: ಹೊಡಸಿದರ ಪೂರಾ ಎನಾಮೆಲ್ ಹೋಗತೈತಿ ಸರ್. ಉಳಿಸೋದಿದ್ದರ ಚಕ್ಕಿ ಎದ್ದ ಜಾಗಾ ಅಷ್ಟ ವೈರ್ ಬ್ರಷ್‌ಲೆ ತಿಕ್ಕ್ರಿ.